ಸಹೋದ್ಯೋಗಿಗೆ ಊಹೆಯ ಕೆಲಸ ಕೊಡಬೇಡಿ

ಬೆಂಗಳೂರಿನ ಆಫೀಸುಗಳಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸುವ ಮಾತು ‘ನೋಡ್ತೀನಿ’. ಹೇಳಿದವರ ಮನಸ್ಸಿನಲ್ಲಿ ಅದರ ಅರ್ಥ ‘ಕಷ್ಟ ಇದೆ, ಮುಖದ ಮೇಲೆ ಹೇಳೋಕೆ ಆಗ್ತಿಲ್ಲ’. ಕೇಳಿಸಿಕೊಂಡವರ ಮನಸ್ಸಿನಲ್ಲಿ ‘ಒಪ್ಕೊಂಡ್ರು’. ಮೂರು ದಿನ ಬಿಟ್ಟು ‘ಏನಾಯ್ತು ಆ ಕೆಲಸ?’ ಅಂತ ಕೇಳಿದಾಗ ಇಬ್ಬರಿಗೂ ಸಿಟ್ಟು. ಇಬ್ಬರೂ ಅವರವರ ಲೆಕ್ಕದಲ್ಲಿ ಸರಿ.

ಒಳ್ಳೆಯ ಸಹೋದ್ಯೋಗಿ ಅಂದರೆ ಯಾರು ಅಂತ ಕೇಳಿ ನೋಡಿ. ನಗುಮುಖ, ತಾಳ್ಮೆ, ಹೊಂದಾಣಿಕೆ ಅಂತ ಪಟ್ಟಿ ಬರುತ್ತದೆ. ಇರಲಿ, ಒಳ್ಳೆಯ ಗುಣಗಳೇ. ಆದರೆ ನಗುನಗುತ್ತಲೇ ಫೈಲು ಕೊಡದೆ ಸತಾಯಿಸುವವರೂ ಇದ್ದಾರೆ, ಮುಖ ಗಂಟಿಕ್ಕಿಕೊಂಡೇ ಹೇಳಿದ ಹೊತ್ತಿಗೆ ಸರಿಯಾಗಿ ಕೈಗಿಡುವವರೂ ಇದ್ದಾರೆ. ದಿನಾ ಜೊತೆಯಲ್ಲಿ ಕೂತು ದುಡಿಯುವವರಿಗೆ ಎರಡನೆಯವರೇ ವಾಸಿ. ಅವರ ವಿಷಯದಲ್ಲಿ ಏನನ್ನೂ ಊಹಿಸಬೇಕಾಗಿಲ್ಲ: ಮೆಸೇಜು ನೋಡಿದರೋ ಇಲ್ಲವೋ, ಕೆಲಸ ಎಲ್ಲಿಗೆ ಬಂತು, ನಾಳೆ ಬರುತ್ತಾರೋ ಇಲ್ಲವೋ, ಸಿಟ್ಟಾಗಿದ್ದಾರೋ, ಗ್ರಾಹಕರಿಗೆ ಯಾರು ಫೋನ್ ಮಾಡಬೇಕು. ಪಕ್ಕದವರ ತಲೆಯಲ್ಲಿ ಓಡುವ ಇಂಥ ಪ್ರಶ್ನೆಗಳನ್ನು ಕಡಿಮೆ ಮಾಡುವುದು ಕಲಿಯಬಹುದಾದ ಕೆಲಸ. ಹುಟ್ಟುಗುಣ ಬೇಕಿಲ್ಲ. ಹೇಗೆ ಅಂತ ಮುಂದೆ ಇದೆ.

ಮೊದಲು ನಾಲ್ಕು ಮಾತು ಸರಿಮಾಡಿಕೊಳ್ಳಿ

‘ಆಯ್ತು’ ಅನ್ನುವುದಕ್ಕೆ ನಮ್ಮಲ್ಲಿ ಮೂರು ಅರ್ಥ: ಕೇಳಿಸಿತು, ಒಪ್ಪಿದೆ, ಮುಗಿಸಿದೆ. ಎದುರಾಬದುರಾ ನಿಂತಾಗ ದನಿಯಲ್ಲಿ, ತಲೆ ಆಡಿಸುವುದರಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮೆಸೇಜಿನಲ್ಲಿ ಗೊತ್ತಾಗುವುದಿಲ್ಲ. ‘ಇನ್‌ವಾಯ್ಸ್ ಕಳಿಸಿ’ ಅಂದದ್ದಕ್ಕೆ ‘ಆಯ್ತು’ ಅಂತ ಬಂದರೆ ಕಳಿಸಿ ಆಯಿತೋ, ಕಳಿಸಲು ಒಪ್ಪಿದ್ದೋ? ಬರೆಯುವಾಗ ‘ಕಳಿಸಿದೆ’, ‘5 ಗಂಟೆಗೆ ಕಳಿಸ್ತೀನಿ’, ‘ನೋಡಿದೆ, ಇನ್ನೂ ಓದಿಲ್ಲ’ ಎಂದು ಬಿಡಿಸಿ ಹೇಳಿ. ಹೆಬ್ಬೆರಳಿನ ಚಿತ್ರಕ್ಕೂ ಇದೇ ಕಾಯಿಲೆ. ನಿಮ್ಮ ಟೀಮಿನಲ್ಲಿ ಅದಕ್ಕೆ ಒಂದೇ ಅರ್ಥ ಅಂತ ಮಾತಾಡಿಕೊಳ್ಳಿ. ‘ಓದಿದೆ, ಅಷ್ಟೇ’ ಅನ್ನುವ ಅರ್ಥ ಇಟ್ಟುಕೊಂಡರೆ ಸಾಕು.

‘ಮಾಡೋಣ’ ಅಂದಾಗ ಮಾಡುವವರು ಯಾರು ಅನ್ನುವುದು ಗಾಳಿಯಲ್ಲಿ ತೇಲುತ್ತಿರುತ್ತದೆ. ಮೀಟಿಂಗಿನಲ್ಲಿ ‘ಟೆಸ್ಟಿಂಗ್ ಇನ್ನೊಂದು ಸಲ ಮಾಡೋಣ’ ಅಂತ ತೀರ್ಮಾನವಾದರೆ ಎದ್ದು ಹೋಗುವ ಮುಂಚೆ ‘ಯಾರು, ಯಾವತ್ತಿಗೆ’ ಎಂದು ಕೇಳಿ. ಯಾರೂ ಬಾಯಿ ಬಿಡದಿದ್ದರೆ ಆ ಕೆಲಸ ಆಗುವುದಿಲ್ಲ ಅಂತಲೇ ಲೆಕ್ಕ.

‘ಇನ್ನೇನು ಮುಗೀತು’ ಅನ್ನುವುದು ಹತ್ತು ನಿಮಿಷವೂ ಆಗಬಹುದು, ಎರಡು ದಿನವೂ ಆಗಬಹುದು. ಉಳಿದಿರುವುದನ್ನು ಎಣಿಸಿ ಹೇಳಿ: ‘ಹನ್ನೆರಡು ಶೀಟಿನಲ್ಲಿ ಒಂಬತ್ತು ಆಗಿದೆ, ಉಳಿದ ಮೂರಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಬರಬೇಕು.’

‘ಸಂಜೆ ಕೊಡ್ತೀನಿ’ ಅನ್ನುವ ಮಾತಿನಲ್ಲೂ ಗಂಟೆ ಇರಲಿ. ಬೆಳಗ್ಗೆ 8ಕ್ಕೆ ಬರುವವರಿಗೆ ಸಂಜೆ ಅಂದರೆ 4. ಮಧ್ಯಾಹ್ನದ ಶಿಫ್ಟಿನವರಿಗೆ 8.

ಇನ್ನು ಆಗಲ್ಲ ಅನ್ನುವುದು. ನಮ್ಮ ಕಡೆ ಇದು ದೊಡ್ಡ ಸಂಕೋಚದ ವಿಷಯ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂದವರಿಗೆ ಇಲ್ಲ ಅನ್ನುವುದು ಮನೆ ಬಾಗಿಲಿಗೆ ಬಂದವರನ್ನು ತಿರುಗಿಸಿ ಕಳಿಸಿದ ಹಾಗೆ ಅನ್ನಿಸುತ್ತದೆ. ಹಾಗಾಗಿ ‘ನೋಡ್ತೀನಿ’ ಹುಟ್ಟುತ್ತದೆ. ‘ಆಗಲ್ಲ’ವನ್ನು ಒಂಟಿಯಾಗಿ ಕಳಿಸಬೇಡಿ, ಜೊತೆಗೆ ಇನ್ನೊಂದು ದಾರಿ ಕಳಿಸಿ: ‘ಇವತ್ತು ಆಗಲ್ಲ, ಆಡಿಟ್‌ನವರು ಕೂತಿದ್ದಾರೆ. ಗುರುವಾರ ಮಧ್ಯಾಹ್ನ 3ರೊಳಗೆ ಕೊಡ್ತೀನಿ. ಅದಕ್ಕಿಂತ ಮುಂಚೆ ಬೇಕೇಬೇಕು ಅಂದ್ರೆ ಸ್ಟೋರ್ಸ್‌ನವರ ಹತ್ತಿರ ಹೋದ ತಿಂಗಳ ಶೀಟ್ ಇದೆ, ಅದರಲ್ಲಿ ಶುರು ಮಾಡಬಹುದು.’ ಹೀಗೆ ಹೇಳಿದರೆ ಎದುರಿನವರು ಬೇಜಾರಾಗುವುದು ಎರಡು ನಿಮಿಷ. ಹೇಳದೆ ಹೋದರೆ ಮೂರು ದಿನ ಹಾಳು. ಎಲ್ಲದಕ್ಕೂ ಹೂಂಗುಟ್ಟಿ ರಾತ್ರಿ 11ರವರೆಗೆ ಕೂರುವವರನ್ನು ಎಲ್ಲರೂ ‘ತುಂಬಾ ಒಳ್ಳೆಯವರು’ ಅನ್ನುತ್ತಾರೆ, ಕೆಲಸವನ್ನೂ ಅವರ ತಲೆಗೇ ಕಟ್ಟುತ್ತಾರೆ. ಆರು ತಿಂಗಳಲ್ಲಿ ಅವರ ಕೈಯಲ್ಲಿ ಅರ್ಧಂಬರ್ಧ ಕೆಲಸ ಇಪ್ಪತ್ತು ಇರುತ್ತದೆ, ಮುಗಿದದ್ದು ಒಂದೂ ಇರುವುದಿಲ್ಲ.

ತಡವಾಗುತ್ತದೆ ಅನ್ನುವ ಸುದ್ದಿಯನ್ನು ಗಡುವಿನ ದಿನ ಕೊಡಬೇಡಿ. ಅರ್ಧ ಸಮಯ ಕಳೆದಾಗ ಒಮ್ಮೆ ನಿಂತು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಾಲ್ಕು ದಿನದ ಕೆಲಸವಾದರೆ ಎರಡನೇ ದಿನ ಸಂಜೆ: ಅರ್ಧ ಆಗಿದೆಯಾ? ಆಗಿಲ್ಲದಿದ್ದರೆ ಆವತ್ತೇ ಹೇಳಿ. ಎರಡು ದಿನ ಮುಂಚೆ ಗೊತ್ತಾದ ತಡಕ್ಕೆ ಜನ ದಾರಿ ಹುಡುಕುತ್ತಾರೆ. ಕೊನೆಯ ಗಂಟೆಯಲ್ಲಿ ಗೊತ್ತಾದ ತಡಕ್ಕೆ ಬೈಗುಳ ಹುಡುಕುತ್ತಾರೆ.

ಕೆಲಸ ಒಪ್ಪಿಸುವುದು

ಸಂಬಂಧಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವ ಹದಿನೈದು ನಿಮಿಷದಲ್ಲಿ.

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಮೂರು ಶಿಫ್ಟಿನ ಮಶಿನ್ ಶಾಪ್ ಇದೆ ಅಂದುಕೊಳ್ಳಿ. ಬೆಳಗ್ಗೆ 6ರಿಂದ 2, 2ರಿಂದ ರಾತ್ರಿ 10, 10ರಿಂದ 6. ಮೊದಲ ಶಿಫ್ಟಿನವರು 1:55ಕ್ಕೆ ಕೈ ತೊಳೆದು ಪಂಚಿಂಗ್ ಸಾಲಿನಲ್ಲಿ ನಿಂತಿದ್ದಾರೆ. ಎದುರು ಬಂದ ಎರಡನೇ ಶಿಫ್ಟಿನವರು ‘ಏನಣ್ಣ, ಎಲ್ಲ ಸರಿ ಇದ್ಯಾ?’ ಅನ್ನುತ್ತಾರೆ. ‘ಎಲ್ಲ ಸರಿ ಇದೆ, ಓಡಿಸು.’ ಅಷ್ಟೇ. ಹೊಸಬರು ಹೋಗಿ ಮಶಿನ್ ಓಡಿಸುತ್ತಾರೆ, ಮೊದಲ ಇಪ್ಪತ್ತು ಪೀಸ್ ಅಳತೆ ತಪ್ಪುತ್ತದೆ. ಹಿಂದಿನವರು ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಬದಲಾಯಿಸಿ ಆಫ್‌ಸೆಟ್ (ಅದಕ್ಕೆ ತಕ್ಕಂತೆ ಮಶಿನ್‌ಗೆ ಕೊಡುವ ಅಳತೆಯ ಹೊಂದಾಣಿಕೆ) ತಿದ್ದಿದ್ದು ಅವರ ತಲೆಯಲ್ಲಿತ್ತು, ಪುಸ್ತಕದಲ್ಲಿರಲಿಲ್ಲ. ಸುಳ್ಳನ್ನೇನೂ ಹೇಳಲಿಲ್ಲ ಅವರು. ಅವರ ಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು.

ಇದಕ್ಕೆ ಮದ್ದು 1:45ಕ್ಕೆ ಶುರುವಾಗಬೇಕು. ಶಿಫ್ಟ್ ಪುಸ್ತಕದಲ್ಲಿ ಒಂದು ಮಶಿನ್‌ಗೆ ನಾಲ್ಕು ಸಾಲು, ಹೀಗೆ (ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಮಶಿನ್, ಕ್ಯೂಸಿ ಅಂದರೆ ಗುಣಮಟ್ಟ ನೋಡುವವರು, ಕೂಲೆಂಟ್ ಅಂದರೆ ತಂಪು ಮಾಡುವ ದ್ರವ, ಚಕ್ ಅಂದರೆ ಪೀಸ್ ಹಿಡಿಯುವ ಭಾಗ):

ಸಿಎನ್‌ಸಿ 3. ಫಿನಿಶಿಂಗ್ ಇನ್ಸರ್ಟ್ 12:30ಕ್ಕೆ ಬದಲಾಯಿಸಿದೆ, ಎಕ್ಸ್ ಆಫ್‌ಸೆಟ್ 0.02 ಮಿಮೀ ಕಡಿಮೆ ಮಾಡಿದೆ.
ಆದದ್ದು 140, ರಿಜೆಕ್ಟ್ 6. ರಿಜೆಕ್ಟ್ ಕೆಂಪು ಕ್ರೇಟಿನಲ್ಲಿ, ಕ್ಯೂಸಿ ಇನ್ನೂ ನೋಡಿಲ್ಲ.
ಕೂಲೆಂಟ್ ಮಟ್ಟ ಇಳಿದಿದೆ, 4 ಗಂಟೆಯೊಳಗೆ ತುಂಬಿಸಬೇಕು.
ಚಕ್ ಹಿಡಿಯುವಾಗ ಒಂದೆರಡು ಸಲ ತಡೆದ ಹಾಗಾಯಿತು. ಮೆಂಟೆನೆನ್ಸ್‌ಗೆ 1:20ಕ್ಕೆ ಹೇಳಿದೆ, ಬಂದಿಲ್ಲ.

ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಕೆಟ್ಟುಹೋದದ್ದನ್ನು ಎಲ್ಲರೂ ಬರೆಯುತ್ತಾರೆ. ಕೆಡಬಹುದು ಅನ್ನಿಸಿದ್ದನ್ನು ಬರೆಯುವವರು ಕಡಿಮೆ. ‘ಯಾಕೋ ಸದ್ದು ಬೇರೆ ಥರ ಇದೆ’ ಅನ್ನುವಂಥದ್ದೂ ಬರೆಯಿರಿ, ನಾಚಿಕೆ ಬೇಡ. ಬರೆದ ಮೇಲೆ ಇಬ್ಬರೂ ಮಶಿನ್ ಮುಂದೆ ನಿಂತು ಐದು ನಿಮಿಷ ಓದಿಕೊಳ್ಳಿ, ಬಂದವರು ಮೊದಲ ಪೀಸ್ ತೆಗೆದು ಅಳೆಯಲಿ, ಆಮೇಲೆ ಹೊರಡಿ. ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಶಿಫ್ಟ್ ಒಪ್ಪಿಸುವ ಚಾಳಿ ಈಗ ಬಂದಿದೆ. ಶೆಡ್ಡಿನ ಗದ್ದಲದಲ್ಲಿ ಅದು ಕೇಳುವುದಿಲ್ಲ, ನಾಳೆ ಹುಡುಕಿದರೆ ಸಿಗುವುದೂ ಇಲ್ಲ.

ಕಂಪ್ಯೂಟರ್ ಮುಂದೆ ಕೂರುವವರಿಗೂ ನಿಯಮ ಇದೇ, ರೂಪ ಬೇರೆ. ನಾಲ್ಕು ದಿನ ರಜೆ ಹೋಗುವುದಿದ್ದರೆ ಹೊರಡುವ ಮೂರು ಕೆಲಸದ ದಿನ ಮುಂಚೆ ಒಂದು ಪುಟ ಬರೆಯಿರಿ. ಒಂದೊಂದು ಕೆಲಸಕ್ಕೂ: ಈಗ ಎಲ್ಲಿದೆ, ಮುಂದಿನ ಹೆಜ್ಜೆ ಏನು, ಯಾರು ಫೋನ್ ಮಾಡಬಹುದು, ಫೈಲ್ ಎಲ್ಲಿದೆ, ನಿಮ್ಮ ಬದಲಿಗೆ ಯಾರು. ‘ಟೀಮ್ ನೋಡಿಕೊಳ್ಳುತ್ತೆ’ ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ; ಒಬ್ಬರ ಹೆಸರು ಬರೆಯಿರಿ, ಬರೆಯುವ ಮುಂಚೆ ಅವರನ್ನು ಕೇಳಿ. ಮೂರು ದಿನ ಮುಂಚೆ ಅಂದದ್ದಕ್ಕೆ ಕಾರಣ ಇದೆ: ಬದಲಿಗೆ ಬಂದವರು ಆ ಫೈಲುಗಳನ್ನು ತಮ್ಮ ಲಾಗಿನ್‌ನಿಂದ ಒಂದು ಸಲ ತೆರೆದು ನೋಡಬೇಕು. ನೂರಕ್ಕೆ ನೂರು ಸಲ ಯಾವುದೋ ಒಂದಕ್ಕೆ ಪರ್ಮಿಶನ್ ಇರುವುದಿಲ್ಲ, ಅದನ್ನು ಪಡೆಯುವುದಕ್ಕೆ ಎರಡು ದಿನ ಹಿಡಿಯುತ್ತದೆ. ಇದು ಗೊತ್ತಾಗುವುದು ನೀವು ಕುಕ್ಕೆಯಲ್ಲಿ ದರ್ಶನದ ಸಾಲಿನಲ್ಲಿ ನಿಂತಾಗ ಆಗಬಾರದು. ಪಾಸ್‌ವರ್ಡ್ ಬರೆದುಕೊಟ್ಟು ಹೋಗುವುದು ಸುಲಭದ ದಾರಿ, ತಪ್ಪು ದಾರಿ. ನಿಮ್ಮ ಹೆಸರಿನಲ್ಲಿ ಆದದ್ದಕ್ಕೆಲ್ಲ ನೀವೇ ಉತ್ತರ ಕೊಡಬೇಕಾಗುತ್ತದೆ.

ರಜೆಯ ಬಗ್ಗೆ ಇನ್ನೊಂದು ಮಾತು. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾನೂನಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಗೊತ್ತುಮಾಡಿದ ದಿನಗಳು. ಜಗಳ ಹುಟ್ಟುವುದು ಉಳಿದ ಹಬ್ಬಗಳಲ್ಲಿ. ಒಂದೇ ಟೀಮಿನಲ್ಲಿ ಗೌರಿ ಹಬ್ಬ, ಓಣಂ, ಪೊಂಗಲ್, ರಂಜಾನ್, ಕ್ರಿಸ್‌ಮಸ್ ಎಲ್ಲವೂ ಇರುವ ಊರು ಇದು. ವರಮಹಾಲಕ್ಷ್ಮಿ ಹಬ್ಬ ಬರುವುದು ಶುಕ್ರವಾರ, ಅರ್ಧ ಆಫೀಸು ಅವತ್ತು ರಜೆ ಕೇಳುತ್ತದೆ. ವರ್ಷದ ಶುರುವಿನಲ್ಲೇ ಒಂದು ಶೀಟಿನಲ್ಲಿ ಪ್ರತಿಯೊಬ್ಬರೂ ತಮಗೆ ಬಿಡಲಾಗದ ಎರಡು ದಿನ ಬರೆಯಲಿ. ಉಳಿದದ್ದಕ್ಕೆ ಸರದಿ: ಹೋದ ವರ್ಷ ದೀಪಾವಳಿಗೆ ಡ್ಯೂಟಿ ಮಾಡಿದವರಿಗೆ ಈ ವರ್ಷ ಮೊದಲ ಹಕ್ಕು. ‘ಅವರಿಗಿನ್ನೂ ಮದುವೆಯಾಗಿಲ್ಲ, ಅವರೇ ಬರಲಿ’ ಅನ್ನುವ ಲೆಕ್ಕ ಹಾಕಬೇಡಿ. ಮದುವೆಯಾಗದವರಿಗೂ ಊರಲ್ಲಿ ಅಪ್ಪ ಅಮ್ಮ ಇದ್ದಾರೆ, ಹಾಸನದ ಬಸ್ಸಿಗೆ ಟಿಕೆಟ್ ಅವರಿಗೂ ಸಿಗುವುದಿಲ್ಲ.

ಗಡಿಯಾರ ಮತ್ತು ತಾರೀಕು

ಹೊರದೇಶದವರ ಜೊತೆ ಕೆಲಸ ಮಾಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಲಂಡನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ನ್ಯೂಯಾರ್ಕ್ ಒಂಬತ್ತೂವರೆ ಮತ್ತು ಹತ್ತೂವರೆ. ಸ್ಯಾನ್‌ ಫ್ರಾನ್ಸಿಸ್ಕೊ ಹನ್ನೆರಡೂವರೆ ಮತ್ತು ಹದಿಮೂರೂವರೆ. ಅಮೆರಿಕದವರು ಗಡಿಯಾರ ತಿರುಗಿಸುವುದು (ಬೇಸಿಗೆಗೆ ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಹಿಂದೆ) ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಬ್ರಿಟನ್ನಿನವರು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಈ ಎರಡರ ನಡುವಿನ ವಾರಗಳಲ್ಲಿ ಮೂರು ದೇಶದ ಮೀಟಿಂಗು ತಪ್ಪಿಹೋಗುವುದು ವರ್ಷಕ್ಕೆ ಎರಡು ಸಲ ಗ್ಯಾರಂಟಿ. ಆ ಭಾನುವಾರಗಳ ಹಿಂದಿನ ಗುರುವಾರ ‘ಸೋಮವಾರದಿಂದ ನಮ್ಮ ಕಾಲ್ 7:30ರ ಬದಲು 6:30ಕ್ಕೆ’ ಎಂದು ಒಂದು ಸಾಲು ಹಾಕುವವರು ಟೀಮಿನಲ್ಲಿ ಒಬ್ಬರಿದ್ದರೆ ಪುಣ್ಯ. ನೀವೇ ಆಗಿ.

ತಾರೀಕು ಬರೆಯುವಾಗ 04/05 ಅನ್ನಬೇಡಿ. ನಮಗದು ಮೇ 4, ಅಮೆರಿಕದವರಿಗೆ ಏಪ್ರಿಲ್ 5. ತಿಂಗಳ ಹೆಸರು ಬರೆಯಿರಿ. ‘ಶುಕ್ರವಾರದೊಳಗೆ’ ಅಂದರೆ ಯಾರ ಶುಕ್ರವಾರ? ಸ್ಯಾನ್‌ ಫ್ರಾನ್ಸಿಸ್ಕೊದ ಶುಕ್ರವಾರ ಮಧ್ಯಾಹ್ನ 2 ಅಂದರೆ ನಮ್ಮ ಶನಿವಾರ ಬೆಳಗಿನ ಜಾವ.

ಸಹಾಯ ಕೇಳುವುದು

‘ಹಾಯ್’ ಅಂತ ಕಳಿಸಿ ಉತ್ತರಕ್ಕೆ ಕಾಯಬೇಡಿ. ಎದುರಿನವರಿಗೆ ಅದು ಐದು ನಿಮಿಷದ ಪ್ರಶ್ನೆಯೋ ಐದು ಗಂಟೆಯದೋ ಗೊತ್ತಾಗುವುದಿಲ್ಲ. ಕೈಯಲ್ಲಿದ್ದ ಕೆಲಸವೂ ನಿಂತಿತು, ನಿಮ್ಮದೂ ಶುರುವಾಗಲಿಲ್ಲ. ನಮಸ್ಕಾರ, ಪ್ರಶ್ನೆ, ಮಾಡಿ ನೋಡಿದ್ದೇನು, ಯಾವಾಗ ಬೇಕು: ನಾಲ್ಕನ್ನೂ ಒಂದೇ ಮೆಸೇಜಿನಲ್ಲಿ ಹಾಕಿ.

ಕೇಳುವ ಮುಂಚೆ ಅರ್ಧ ಗಂಟೆ ನೀವೇ ಪ್ರಯತ್ನಿಸಿ. ಅರ್ಧ ಗಂಟೆ ಕಳೆದೂ ಒಂದು ಹೆಜ್ಜೆ ಮುಂದೆ ಹೋಗಿಲ್ಲದಿದ್ದರೆ ಕೇಳಲೇಬೇಕು. ಐದು ನಿಮಿಷಕ್ಕೇ ಕೇಳುವವರಿಗಿಂತ ಎರಡು ದಿನ ಮುಜುಗರದಲ್ಲಿ ಸುಮ್ಮನೆ ಕೂರುವವರಿಂದ ಟೀಮಿಗೆ ನಷ್ಟ ಜಾಸ್ತಿ. ಹೊಸಬರಲ್ಲಿ, ಅದರಲ್ಲೂ ಊರಿನಿಂದ ಬಂದು ಇಂಗ್ಲಿಷಿಗೆ ಹೆದರುವವರಲ್ಲಿ ಇದು ಸಾಮಾನ್ಯ. ಅಂಥವರು ಪಕ್ಕದಲ್ಲಿದ್ದರೆ ‘ಡೌಟ್ ಇದ್ರೆ ಕೇಳಿ’ ಅನ್ನುವುದು ಸಾಲದು. ‘11:30ಕ್ಕೆ ಕಾಫಿಗೆ ಹೋಗೋಣ, ಎಲ್ಲಿ ಸಿಕ್ಕಿಕೊಂಡಿದೆ ಹೇಳಿ’ ಅನ್ನಿ. ಬೈ ಟು ಕಾಫಿ ಹಿಡಿದು ನಿಂತಾಗ ಬಾಯಿಬಿಡುವಷ್ಟು ಮೀಟಿಂಗ್ ರೂಮಿನಲ್ಲಿ ಯಾರೂ ಬಿಡುವುದಿಲ್ಲ.

ಹೊಸಬರ ಮೊದಲ ವಾರ ಅಂದರೆ ಲ್ಯಾಪ್‌ಟಾಪ್ ಕೊಡಿಸುವುದಷ್ಟೇ ಅಲ್ಲ. ಕುಡಿಯುವ ನೀರು ಎಲ್ಲಿ, ಟಾಯ್ಲೆಟ್ ಎಲ್ಲಿ, ಯಾವ ಗೇಟಿನಿಂದ ಬಂದರೆ ಮೆಟ್ರೊ ಹತ್ತಿರ, ಐಡಿ ಕಾರ್ಡ್ ಯಾರ ಕೈಲಿ, ಸಂಬಳದ ಪ್ರಶ್ನೆಗೆ ಯಾರನ್ನು ಹಿಡಿಯಬೇಕು. ಐದು ದಿನ ಊಟಕ್ಕೆ ಯಾರಾದರೂ ಕರೆದುಕೊಂಡು ಹೋಗಿ. ಆಮೇಲೆ ಅವರೇ ದಾರಿ ಮಾಡಿಕೊಳ್ಳುತ್ತಾರೆ.

ತಪ್ಪು ಒಪ್ಪಿಕೊಳ್ಳುವುದು, ಹೆಸರು ಹೇಳುವುದು

ತಪ್ಪಾಗಿದೆ ಅಂತ ಗೊತ್ತಾದ ಹದಿನೈದು ನಿಮಿಷದೊಳಗೆ ಹೇಳಿ. ಪೂರ್ತಿ ಸರಿಮಾಡಿ ಆಮೇಲೆ ಹೇಳೋಣ ಅನ್ನುವ ಆಸೆ ಬರುತ್ತದೆ. ಅಷ್ಟರೊಳಗೆ ಆ ತಪ್ಪು ಲೆಕ್ಕದ ಮೇಲೆ ಇನ್ನಿಬ್ಬರು ಕೆಲಸ ಕಟ್ಟಿರುತ್ತಾರೆ. ಹೇಳಬೇಕಾದ್ದು ಇಷ್ಟು: ಏನಾಗಿದೆ, ಯಾವಾಗಿನಿಂದ, ಯಾರಿಗೆ ತೊಂದರೆ, ನಾನು ಏನು ಮಾಡಿದ್ದೇನೆ, ಏನು ಬೇಕು. ‘ಬೆಳಗ್ಗೆ 10ಕ್ಕೆ ಕಳಿಸಿದ ರೇಟ್ ಲಿಸ್ಟಿನಲ್ಲಿ ಜಿಎಸ್‌ಟಿ ಸೇರಿಸಿಲ್ಲ. ಮೂವರು ಡೀಲರ್‌ಗಳಿಗೆ ಹೋಗಿದೆ. ಸರಿಯಾದದ್ದು ಸಿದ್ಧ ಇದೆ. ಕಳಿಸುವ ಮುಂಚೆ ನೀವೊಂದು ಸಲ ನೋಡಬೇಕು.’ ಯಾಕಾಯಿತು, ರಾತ್ರಿ ನಿದ್ದೆ ಇರಲಿಲ್ಲ ಅನ್ನುವುದೆಲ್ಲ ಆಮೇಲೆ, ಯಾರಾದರೂ ಕೇಳಿದರೆ.

ಬೇರೆಯವರ ತಪ್ಪು ಕಂಡಾಗ? ಮೊದಲು ಅವರಿಗೇ, ಒಬ್ಬರಿಗೇ. ಹತ್ತು ಜನರಿರುವ ಗ್ರೂಪಿನಲ್ಲಿ ಕೆಂಪು ವೃತ್ತ ಹಾಕಿದ ಸ್ಕ್ರೀನ್‌ಶಾಟ್ ಹಾಕಿದರೆ ತಪ್ಪು ಸರಿಹೋಗಬಹುದು, ಮುಂದಿನ ತಪ್ಪನ್ನು ಅವರು ಮುಚ್ಚಿಡುತ್ತಾರೆ. ಅವರಿಗೆ ಹೇಳಿದ ಮೇಲೂ ಏನೂ ಆಗದಿದ್ದರೆ, ಕೆಲಸಕ್ಕೆ ಧಕ್ಕೆ ಇದ್ದರೆ, ಮೇಲಿನವರಿಗೆ ಹೇಳಿ. ಹೇಳುತ್ತೇನೆ ಎಂದು ಅವರಿಗೆ ತಿಳಿಸಿ ಹೇಳಿ. ಚಾಡಿಗೂ ದೂರಿಗೂ ಇರುವ ವ್ಯತ್ಯಾಸ ಅದೇ.

ಹೊಗಳಿಕೆ ಬಂದಾಗ ಲೆಕ್ಕ ಉಲ್ಟಾ, ಹೆಸರು ಎಲ್ಲರ ಮುಂದೆ. ‘ಟೀಮ್ ಎಫರ್ಟ್ ಸರ್’ ಅನ್ನುವುದು ವಿನಯದ ಹಾಗೆ ಕೇಳುತ್ತದೆ, ಆದರೆ ರಾತ್ರಿ ಕೂತು ಮಾಡಿದವರ ಹೆಸರು ಅದರಲ್ಲಿ ಮುಳುಗಿಹೋಗುತ್ತದೆ. ‘ಡೇಟಾ ಎಲ್ಲ ಇವರು ಕ್ಲೀನ್ ಮಾಡಿದ್ದು’ ಎಂದು ಕೈ ತೋರಿಸಿ. ಮೀಟಿಂಗಿನಲ್ಲಿ ಮೆಲುದನಿಯವರು ಹೇಳಿದ ಐಡಿಯಾವನ್ನು ಹತ್ತು ನಿಮಿಷ ಬಿಟ್ಟು ಜೋರುದನಿಯವರು ತಮ್ಮದೆಂಬಂತೆ ಹೇಳಿದರೆ, ‘ಹೌದು, ಆಗಲೇ ಇವರು ಹೇಳಿದ್ದು’ ಅಂತ ನೀವು ಜೋಡಿಸಿಬಿಡಿ.

ನೀನು, ನೀವು, ಮತ್ತು ಯಾವ ಭಾಷೆ

ಕಾಲೇಜಿನಿಂದ ಬಂದವರು ವಾರದೊಳಗೆ ‘ಮಗಾ’, ‘ಗುರು’ಗೆ ಇಳಿಯುತ್ತಾರೆ. ತೊಂದರೆ ಇಲ್ಲ, ಇಬ್ಬರೂ ಇಳಿದಿದ್ದರೆ. ಒಬ್ಬರು ‘ನೀನು’ ಅಂತಿದ್ದು ಇನ್ನೊಬ್ಬರು ‘ನೀವು’ ಅಂತಿದ್ದರೆ ಅಲ್ಲಿ ಏನೋ ಕಸಿವಿಸಿ ಇದೆ, ಗಮನಿಸಿ. ಸಂಶಯವಿದ್ದರೆ ‘ನೀವು’ ಮತ್ತು ಹೆಸರಿಗೆ ‘ಅವ್ರೇ’ ಸೇರಿಸಿ, ಯಾರಿಗೂ ನೋವಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಪ್ಯಾಂಟ್ರಿಯವರ ಜೊತೆ ನೋಡಿಕೊಳ್ಳಿ. ಮ್ಯಾನೇಜರಿಗೆ ‘ಬನ್ನಿ, ಕೂತ್ಕೊಳ್ಳಿ’, ಅಪ್ಪನ ವಯಸ್ಸಿನ ಸೆಕ್ಯುರಿಟಿಯವರಿಗೆ ‘ಏ, ಗೇಟ್ ತೆಗಿ’. ಇದನ್ನು ಇಡೀ ಆಫೀಸು ನೋಡುತ್ತಿರುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಸರಳ ಲೆಕ್ಕ: ಕೆಲಸದ ಮಾತಾದರೆ ಆ ಕೆಲಸದಲ್ಲಿರುವ ಪ್ರತಿಯೊಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಆಗಬೇಕು. ಐವರಲ್ಲಿ ನಾಲ್ವರು ಕನ್ನಡದವರಿದ್ದು ಐದನೆಯವರು ಕೇರಳದಿಂದ ಹೋದ ತಿಂಗಳು ಬಂದಿದ್ದರೆ, ತೀರ್ಮಾನವನ್ನಾದರೂ ಅವರಿಗೆ ಗೊತ್ತಾಗುವ ಹಾಗೆ ಇನ್ನೊಮ್ಮೆ ಹೇಳಿ. ಇದೇ ಲೆಕ್ಕ ಉಲ್ಟಾ ಕೂಡ ನಡೆಯಬೇಕು: ನಾಲ್ವರು ಹಿಂದಿಯಲ್ಲಿ ಹರಟುತ್ತಾ ಕೆಲಸ ಹಂಚಿಕೊಂಡರೆ ‘ನನಗೆ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ’ ಎಂದು ಕೇಳುವುದಕ್ಕೆ ಹಿಂಜರಿಯಬೇಡಿ, ತಲೆ ಆಡಿಸಿ ಸುಮ್ಮನಾದರೆ ನಾಳೆ ತಪ್ಪು ನಿಮ್ಮ ಹೆಸರಿಗೆ. ಕನ್ನಡ ಕಲಿಯಬೇಕು ಅನ್ನುವವರಿಗೆ ವ್ಯಾಕರಣ ಹೇಳಿಕೊಡಬೇಡಿ. ಆಟೋದವರ ಹತ್ತಿರ, ಮನೆಕೆಲಸದವರ ಹತ್ತಿರ ನಾಳೆಯೇ ಬಳಸಬಹುದಾದ ಒಂದು ವಾಕ್ಯ ದಿನಕ್ಕೆ ಕೊಡಿ. ಅವರು ತಪ್ಪು ಮಾತಾಡಿದಾಗ ನಗಬೇಡಿ, ತಕ್ಷಣ ಇಂಗ್ಲಿಷಿಗೆ ಜಿಗಿಯಲೂಬೇಡಿ. ನಮ್ಮವರು ಹೆಚ್ಚಾಗಿ ಮಾಡುವ ತಪ್ಪು ಎರಡನೆಯದು.

ದಾರಿಯಲ್ಲಿದ್ದೇನೆ

ಈ ಊರಿನಲ್ಲಿ ತಡವಾಗುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಸುಳ್ಳು ಹೇಳಿದರೆ ತಿಳಿಯುತ್ತಾರೆ. ‘ಹೊರಟಿದ್ದೀನಿ’ ಅಂದರೆ ಇನ್ನೂ ಸ್ನಾನ ಆಗಿಲ್ಲ, ‘ಸಿಲ್ಕ್ ಬೋರ್ಡ್ ಹತ್ರ’ ಅಂದರೆ ಜಯದೇವ ಹತ್ತಿರ ಅಂತ ಎಲ್ಲರಿಗೂ ಗೊತ್ತು. ತಲುಪುವ ಹೊತ್ತು ಹೇಳಿ, ನೀವು ಅಂದುಕೊಂಡದ್ದಕ್ಕೆ ಇಪ್ಪತ್ತು ನಿಮಿಷ ಸೇರಿಸಿ ಹೇಳಿ. ಹೆಬ್ಬಾಳ, ಮಾರತ್‌ಹಳ್ಳಿ ದಾಟಬೇಕಿದ್ದು ಮಳೆ ಬಂದಿದ್ದರೆ ನಲವತ್ತು. ವೈಟ್‌ಫೀಲ್ಡಿಗೆ ನೇರಳೆ ಮೆಟ್ರೊ, ಎಲೆಕ್ಟ್ರಾನಿಕ್ಸ್ ಸಿಟಿ ಕಡೆಗೆ 2025ರ ಆಗಸ್ಟಿನಿಂದ ಹಳದಿ ಮೆಟ್ರೊ ಇದೆ. ಬೆಳಗ್ಗೆ 10ರ ಮೀಟಿಂಗ್ ನಿಮ್ಮದೇ ಆಗಿದ್ದ ದಿನವಾದರೂ ಕಾರು ಬಿಟ್ಟು ಅದನ್ನು ಹಿಡಿಯಿರಿ. ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಮೀಟಿಂಗಿಗೆ ಸೇರಬೇಡಿ. ನಿಮ್ಮ ಪ್ರಾಣದ ಮಾತು ಹಾಗಿರಲಿ, ಹಾರ್ನ್ ಸದ್ದಿನಲ್ಲಿ ಉಳಿದ ಒಂಬತ್ತು ಜನಕ್ಕೆ ಏನೂ ಕೇಳುವುದಿಲ್ಲ.

ಆಫೀಸ್ ಕ್ಯಾಬ್ ಆದರೆ ಡ್ರೈವರ್ ಫೋನ್ ಮಾಡುವ ಮುಂಚೆ ಕೆಳಗಿರಿ. ಮೊದಲ ಪಿಕಪ್‌ನವರು ಐದು ನಿಮಿಷ ತಡಮಾಡಿದರೆ ಕೊನೆಯವರಿಗೆ ಅದು ಅರ್ಧ ಗಂಟೆ, ಯಾಕೆಂದರೆ ನಡುವೆ ಒಂದು ಸಿಗ್ನಲ್ ಪೀಕ್ ಅವರ್‌ಗೆ ಸಿಕ್ಕಿಕೊಳ್ಳುತ್ತದೆ. ರಾತ್ರಿ ಡ್ರಾಪಿನಲ್ಲಿ ಕೊನೆಗೆ ಒಬ್ಬ ಹೆಣ್ಣುಮಗಳೇ ಉಳಿಯುವ ಹಾಗಿದ್ದರೆ ಗಾರ್ಡ್ ಇದ್ದಾರಾ ಎಂದು ಇಳಿಯುವ ಮುಂಚೆ ನೋಡಿ. ಇಲ್ಲದಿದ್ದರೆ ಟ್ರಾನ್ಸ್‌ಪೋರ್ಟ್ ಡೆಸ್ಕಿಗೆ ಅಲ್ಲಿಂದಲೇ ಫೋನ್ ಮಾಡಿ.

ಡಬ್ಬಿ, ದುಡ್ಡು, ಚೀಟಿ

ಮೈಕ್ರೋವೇವಿನಲ್ಲಿ ಡಬ್ಬಿ ಇಟ್ಟು ಫೋನಿಗೆ ಹೋಗಬೇಡಿ. ಹಿಂದೆ ಎಂಟು ಜನ ನಿಂತಿದ್ದಾರೆ. ಸಾರು ಚೆಲ್ಲಿದರೆ ಒರೆಸಿ. ಬೇರೆಯವರ ಊಟದ ವಾಸನೆಗೆ ಮುಖ ಸಿಂಡರಿಸಬೇಡಿ, ಮೀನಾಗಲಿ ಬೆಳ್ಳುಳ್ಳಿಯಾಗಲಿ.

ಬರ್ತ್‌ಡೇ, ಬೀಳ್ಕೊಡುಗೆಗೆ ಹಣ ಎತ್ತುವವರು ಮೊತ್ತ ಮೊದಲೇ ಗೊತ್ತುಮಾಡಿ, ಕೊಟ್ಟವರ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕಬೇಡಿ. ಕೊಡಲಾಗದವರು ಇರುತ್ತಾರೆ, ಕಾರಣ ನಿಮಗೆ ಬೇಕಿಲ್ಲ. ನಿಮ್ಮ ಪಾಲಿನ ಕಾಫಿ ದುಡ್ಡನ್ನು ಅವತ್ತೇ ಯುಪಿಐ ಮಾಡಿ. ಸಹೋದ್ಯೋಗಿಗಳ ನಡುವೆ ಚೀಟಿ ನಡೆಸಬೇಡಿ, ಸೇರಲೂಬೇಡಿ. ಒಬ್ಬರು ಚೀಟಿ ಎತ್ತಿ ಕೆಲಸ ಬಿಟ್ಟರೆ ಹತ್ತೊಂಬತ್ತು ಜನರ ನಡುವಿನ ಮಾತು ನಿಲ್ಲುತ್ತದೆ. ಸಾಲವೂ ಅಷ್ಟೇ: ವಾಪಸ್ ಬರದಿದ್ದರೂ ಅವರ ಮುಖ ನೋಡಿ ಮಾತಾಡಬಲ್ಲಷ್ಟನ್ನೇ ಕೊಡಿ.

ಆಯುಧಪೂಜೆಯ ದಿನ ಎಲ್ಲರೂ ಬಾಳೆಕಂದಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಕಡ್ಲೆಪುರಿ ಪೊಟ್ಟಣ ಹಿಡಿದು ಹೊರಡುತ್ತಾರೆ. ಒಡೆದ ಬೂದುಗುಂಬಳಕಾಯಿಯ ಚೂರನ್ನು ಗೇಟಿನ ಮುಂದಿನ ರಸ್ತೆಯಿಂದ ಗುಡಿಸುವವರು ಯಾರು? ಅದರ ಮೇಲೆ ಬೈಕ್ ಜಾರುತ್ತದೆ. ಪೊರಕೆ ಹಿಡಿಯುವವರಲ್ಲಿ ಒಬ್ಬರಾಗಿ, ಹತ್ತು ನಿಮಿಷದ ಕೆಲಸ.

ಅಡ್ಜಸ್ಟ್ ಮಾಡಿಕೊಳ್ಳಬಾರದ ಜಾಗ

ಸಹೋದ್ಯೋಗಿಯೊಬ್ಬಳು ಬಂದು ಯಾರೋ ಅಸಭ್ಯವಾಗಿ ನಡೆದುಕೊಂಡರು ಅಂತ ಹೇಳಿದರೆ ‘ಬಿಟ್ಟಾಕಿ, ಅವರು ಹಾಗೇ’ ಅನ್ನಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕೆಲಸದ ಜಾಗದಲ್ಲಿ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಬರವಣಿಗೆಯಲ್ಲಿ, ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ತಾರೀಕು, ಹೊತ್ತು, ಜಾಗ, ಯಾರಿದ್ದರು ಎಂಬುದನ್ನು ಅವತ್ತೇ ಬರೆದಿಡಲು ಹೇಳಿ, ಮೆಸೇಜುಗಳನ್ನು ಅಳಿಸಬೇಡಿ ಅನ್ನಿ. ದೂರು ಕೊಡುವುದು ಬಿಡುವುದು ಅವರ ತೀರ್ಮಾನ. ನೀವು ಇದನ್ನು ಊಟದ ಟೇಬಲ್ಲಿಗೆ ಒಯ್ಯಬೇಡಿ. ವಿಚಾರಣೆಯ ವಿವರ ಹೊರಗೆ ಬಿಡಬಾರದು ಅಂತಲೂ ಅದೇ ಕಾನೂನಿನಲ್ಲಿದೆ. ಕಣ್ಣಾರೆ ಕಂಡಿದ್ದರೆ ಕಂಡಷ್ಟನ್ನು ಬರೆದಿಟ್ಟುಕೊಳ್ಳಿ, ಸಮಿತಿ ಕರೆದರೆ ಹೇಳಿ.

ಕೆಲಸ ಬಿಟ್ಟು ಹೋಗುವಾಗ

ಪೇಪರ್ ಹಾಕಿದ ದಿನದಿಂದ ಕೈ ಸಡಿಲ ಬಿಡುವವರನ್ನು ಜನ ಮರೆಯುವುದಿಲ್ಲ, ಈ ಊರಿನಲ್ಲಿ ಅವರೇ ಮತ್ತೆ ಇನ್ನೊಂದು ಕಂಪನಿಯ ಇಂಟರ್‌ವ್ಯೂನಲ್ಲಿ ಮೇಜಿನ ಆ ಕಡೆ ಕೂತಿರುತ್ತಾರೆ. ನೋಟಿಸ್ ಅವಧಿಯ ಮೊದಲ ವಾರದಲ್ಲೇ ನಿಮಗೆ ಮಾತ್ರ ಗೊತ್ತಿರುವ ವಿಷಯಗಳ ಪಟ್ಟಿ ಮಾಡಿ: ಯಾವ ವೆಂಡರ್ ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಮಾತ್ರ ಉತ್ತರ ಕೊಡುತ್ತಾರೆ, ತಿಂಗಳ ಕೊನೆಯಲ್ಲಿ ಯಾವ ರಿಪೋರ್ಟ್ ಕೈಯಿಂದ ತಿದ್ದಬೇಕಾಗುತ್ತದೆ, ಯಾಕೆ, ಹಳೆ ಪ್ರಿಂಟರಿಗೆ ಎಡಗಡೆ ಒಂದು ತಟ್ಟಬೇಕು. ಕೊನೆಯ ಎರಡು ವಾರ ಆ ಕೆಲಸಗಳನ್ನು ನೀವು ಮುಟ್ಟಬೇಡಿ, ಬದಲಿಗೆ ಬಂದವರು ಮಾಡಲಿ, ನೀವು ಪಕ್ಕದಲ್ಲಿ ಕೂರಿ. ಗ್ರಾಹಕರಿಗೆ, ವೆಂಡರ್‌ಗಳಿಗೆ ಹೊಸಬರನ್ನು ಫೋನಿನಲ್ಲಿ ಪರಿಚಯ ಮಾಡಿಸಿ. ಡ್ರಾಯರ್ ಬೀಗದ ಕೈ, ಐಡಿ ಕಾರ್ಡ್, ಹೆಡ್‌ಸೆಟ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಹೊರಡುವ ಮುಂಚೆ ಪ್ಯಾಂಟ್ರಿಯ ಫ್ರಿಜ್ ಒಂದು ಸಲ ತೆಗೆದು ನೋಡಿ, ಮೊಸರನ್ನದ ಡಬ್ಬಿ ಅಲ್ಲೇ ಇರುತ್ತದೆ.